ರೀಲಿನ ಹ್ಯಾಂಡಲ್ ಎಡಕ್ಕೋ ಬಲಕ್ಕೋ

ಬಟ್ಟೆಚೀಲದ ಬಾಯಿ ಬಿಚ್ಚಿದ ಕೂಡಲೇ ಮಷೀನಿನ ಎಣ್ಣೆಯ ವಾಸನೆ, ಅದರ ಹಿಂದೆಯೇ ಮೀನಿನ ವಾಸನೆ ಮೂಗಿಗೆ ಬಡಿಯಿತು. ನಮ್ಮದು ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಮನೆ. ಆದರೂ ಆ ವಾಸನೆಗೆ ಹೇಸಿಕೆಯಾಗಲಿಲ್ಲ. ಚೀಲದೊಳಗಿದ್ದದ್ದು ನನ್ನ ಗೆಳೆಯ ದಸ್ತಗೀರನ ಗಾಳದ ರೀಲು, ದಾರ ಸುತ್ತುವ ಯಂತ್ರ. ಅವನು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವನ ಹೆಂಡತಿ ಅಮೀನಾ ಭಾಬಿ "ನಿಮ್ಮ ಹಂತ್ಯಾಕ ಇರಲಿ ತಗೋರಿ, ಅಣ್ಣಾರ" ಎಂದು ಸವದತ್ತಿಯ ತಮ್ಮ ಮನೆಯ ಕಟ್ಟೆಯ ಮೇಲೆ ಅದನ್ನು ನನ್ನ ಮುಂದಿಟ್ಟಿದ್ದರು. ಕೈಗೆತ್ತಿಕೊಂಡು ನೋಡಿ ತಬ್ಬಿಬ್ಬಾದೆ. ಹ್ಯಾಂಡಲ್ ಎಡಕ್ಕಿತ್ತು! ನಾನು ತಂದುಕೊಟ್ಟ ರೀಲಿಗೆ ಹ್ಯಾಂಡಲ್ ಇದ್ದದ್ದು ಬಲಕ್ಕೆ. ಒಂಬತ್ತು ವರ್ಷ ಅದನ್ನು ತಿರುವಿದ ನನ್ನ ಕೈಗೆ ಅಷ್ಟೂ ಗೊತ್ತಿರುವುದಿಲ್ಲವೇ?

ಭಾಬಿ ಚಹಾಕ್ಕಿಡಲು ಒಳಗೆ ಹೋದರು. ಅದು ಕುದಿಯುವಷ್ಟರಲ್ಲಿ ನಿಮಗೆ ಈ ರೀಲಿನ ಕತೆ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದಲ್ಲಿ ದಸ್ತಗೀರ ಬೈಲಹೊಂಗಲ-ಸವದತ್ತಿ ನಡುವೆ ಟ್ರ್ಯಾಕ್ಸ್ ಜೀಪು ಓಡಿಸುತ್ತಿದ್ದ. ನಾನು ಬೈಲಹೊಂಗಲದಲ್ಲಿ ಸಾಲಿ ಮಾಸ್ತರ. ಹದಿನಾಲ್ಕು ಮಂದಿಯನ್ನು ತುರುಕಿದ ಮೇಲೂ "ಇನ್ನೊಬ್ಬರಿಗೆ ಜಾಗಾ ಐತ್ರೀ" ಎಂದು ಕೂಗುವ ಗಂಟಲು ಅವನದು. ಚಚಡಿಯಲ್ಲಿ ಸಂಬಂಧಿಕರ ಹೊಲದ ಡೀಸೆಲ್ ಎಂಜಿನ್ನಿಗೆ ಹ್ಯಾಂಡಲ್ ಹೊಡೆಯಲು ಹೋಗಿ, ಅದು ತಿರುಗಿ ಬಡಿದು ಬಲಗೈಯ ಮಣಿಕಟ್ಟು ಮುರಿಯಿತು. ಎಲುಬು ಕೂಡಿತು, ಬೆರಳು ಮಾತ್ರ ಮಡಚಲಿಲ್ಲ. ಸ್ಟೇರಿಂಗ್ ಬಿಟ್ಟ. ಬೇರೆಯವರ ಗಾಡಿಗೆ ಸ್ಟ್ಯಾಂಡಿನಲ್ಲಿ ನಿಂತು ಮಂದಿಯನ್ನು ಕೂಗಿ ಕರೆಯತೊಡಗಿದ. ಅದನ್ನೂ ನುಂಗಿಕೊಂಡ. ಆದರೆ ಮಲಪ್ರಭೆಯ ಡ್ಯಾಮಿನ ಹಿನ್ನೀರಿನ ದಂಡೆಯಲ್ಲಿ ದಾರವನ್ನು ತಲೆಯ ಮೇಲೆ ಗಿರಗಿರ ಬೀಸಿ ಗಾಳ ಒಗೆಯುತ್ತಿದ್ದದ್ದು ಅದೇ ಬಲಗೈ.

"ಗಾಡಿ ಹೋತು ಅಂತ ಅಳಂಗಿಲ್ಲ ದೋಸ್ತ," ಎಂದಿದ್ದ ಒಮ್ಮೆ. "ನೀರಿನ ಮುಂದ ಸುಮ್ಮ ಕುಂತು ಬರೂದು ಆಗವಲ್ದು ನೋಡು."

ರೀಲು ಕಟ್ಟಿದ ಕೋಲಾದರೆ ಒಂದೇ ಕೈಯಿಂದ ದೂರ ಒಗೆಯಬಹುದು ಎಂದು ಯಾರೋ ಹೇಳಿದರು. ಪೇಪರ್ ತಿದ್ದಲು ಬೆಳಗಾವಿಗೆ ಹೊರಟಿದ್ದ ನಾನು "ನಾ ತರತೇನಿ ಬಿಡು" ಎಂದುಬಿಟ್ಟೆ. ಗೊತ್ತಿಲ್ಲ ಅನ್ನಲು ನಾಲಿಗೆ ಹೊರಳದಿರುವುದು ಮಾಸ್ತರರ ಹಳೇ ರೋಗ.

ಬೆಳಗಾವಿಯ ಗಾಳದ ಅಂಗಡಿಯವ ಎರಡು ಡಬ್ಬಿ ಮುಂದಿಟ್ಟ. ಎರಡರ ಮೇಲೂ ಬಾಯಿ ತೆರೆದ ಬಾಸ್ ಎಂಬ ಮೀನಿನ ಚಿತ್ರ.

"ಈ ಮೀನ ನಮ್ಮ ಕಡೆ ಎಲ್ಲಿ ಸಿಗತೈತ್ರಿ?" ಎಂದೆ.

"ಎಲ್ಲೂ ಇಲ್ರಿ. ಅದು ಅಮೆರಿಕಾದ್ದು."

ಅಮೆರಿಕದ ಮೀನಿಗೆ ಮಾಡಿದ್ದು ಮಲಪ್ರಭೆಯ ಮೀನನ್ನು ಎಳೆದೀತೇ? ನನ್ನ ತಲೆ ಕೆಟ್ಟದ್ದು ಅಲ್ಲಿಂದಲೇ. ಒಂದು ರೀಲು ಬಂಗಾರದ ಬಣ್ಣದ್ದು, ಏಳು ಬೇರಿಂಗು. ಇನ್ನೊಂದು ಕರಿದು, ಮೂರೇ ಬೇರಿಂಗು, ಅರ್ಧ ಬೆಲೆ. ಏಳು ಮೂರಕ್ಕಿಂತ ಹೆಚ್ಚು ಎಂಬಷ್ಟು ಗಣಿತ ನನಗೂ ಬರುತ್ತದೆ.

"ಬೇರಿಂಗ್ ಎಣಸಬ್ಯಾಡ್ರಿ ಸರ, ತಿರುವಿ ನೋಡ್ರಿ," ಎಂದು ಅವನು ನಕ್ಕ. "ಅಳ್ಳಾಡಬಾರದು, ಕರಕರ ಅನಬಾರದು. ದಾರ ಸಡ್ಲ ಬಿಡೋ ಈ ತಿರುಪು ಮೆತ್ತಗ ತಿರಗಬೇಕು. ಇಲ್ಲಂದ್ರ ದೊಡ್ಡ ಮೀನ ದಾರ ಹರಕೊಂಡು ಹೋಗತೈತಿ."

ಬಂಗಾರದ್ದು ಕರಕರ ಅಂದಿತು. ಕರಿಯದು ತುಟಿ ಪಿಟಕ್ಕೆನ್ನಲಿಲ್ಲ. ಸದ್ಯ ಗೆದ್ದೆ ಅಂದುಕೊಳ್ಳುವಾಗ ಅವನು ಕೇಳಿದ: "ಹ್ಯಾಂಡಲ್ ಎಡಕೋ ಬಲಕೋ? ಹಾಕಿ ಕೊಡತೇನಿ."

ಬಲಗೈ ಕೆಟ್ಟಿದೆ, ಹಾಗಾದರೆ ಎಡಕ್ಕೆ. ಆದರೆ ಎಡಗೈ ಹ್ಯಾಂಡಲ್ ತಿರುವಿದರೆ ಕೋಲು ಹಿಡಿಯುವವರು ಯಾರು? ಕೊಡೆಯನ್ನೇ ಕೋಲು ಮಾಡಿ, ಆ ಕೈಯಿಂದ ಈ ಕೈಗೆ ಬದಲಿಸುತ್ತ ಅಂಗಡಿಯಲ್ಲಿ ನಾಟಕ ಆಡಿದೆ. ಬಂದ ಗಿರಾಕಿಗಳು ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಕೊನೆಗೆ ಗಟ್ಟಿ ಕೈಗೆ ಕೋಲಿನ ಭಾರ, ಸೋತ ಕೈಗೆ ತಿರುವುವ ಹಗುರ ಕೆಲಸ ಎಂದು ನ್ಯಾಯ ತೀರಿಸಿ, "ಬಲಕ್ಕ ಹಾಕ್ರಿ" ಎಂದೆ. ಅವನು ಒಳಗೆ ಒಯ್ದು ಹಾಕಿ ತಂದ. ಕತ್ತರಿಸಿದ ಬಟ್ಟೆಯ ಹಾಗೆ, ಇನ್ನು ಅದನ್ನು ಬದಲಿಸಲು ಬರುವುದಿಲ್ಲ ಎಂದೇ ನಾನು ತಿಳಿದೆ.

ಮೊದಲ ರವಿವಾರವೇ ನನ್ನ ತಪ್ಪು ಗೊತ್ತಾಯಿತು. ಒಗೆದದ್ದೇನೋ ದೂರ ಹೋಯಿತು, ಮೀನೂ ಕಚ್ಚಿತು. ಆದರೆ ಮಡಚದ ಬೆರಳುಗಳು ಹ್ಯಾಂಡಲಿನ ಮೇಲಿಂದ ಜಾರಿದವು, ಮತ್ತೆ ಜಾರಿದವು. ಎಂಥ ಕತ್ತೆ ನಾನು ಎಂದು ನಾಚಿಕೆಯಿಂದ ತಲೆ ತಗ್ಗಿಸಿದೆ. ದಸ್ತಗೀರ ಎಡಗೈಯಲ್ಲಿ ಹಿಡಿದ ಕೋಲನ್ನು ನನ್ನ ಎದೆಯ ಮುಂದೆ ತಂದ. "ಏ ಮಾಸ್ತರ, ಏನ ನೋಡಾಕ ಹತ್ತಿ? ತಿರುವೋ!"

"ನಾನಾ? ಶಿವ ಶಿವಾ!"

"ನಿನ್ನ ಶಿವ ಏನೂ ಅನ್ನಂಗಿಲ್ಲ. ತಿರುವು!"

ತಿರುವಿದೆ. ಅಂದಿನಿಂದ ಪ್ರತಿ ರವಿವಾರ ನಾನು ಅವನ ಬಲಗೈ. ನನ್ನ ತಪ್ಪಿಗೆ ದಂಡವೆಂದು ಹೋಗತೊಡಗಿದವನಿಗೆ, ಅದಿಲ್ಲದೆ ವಾರವೇ ಮುಗಿಯದಂತೆ ಯಾವಾಗ ಆಯಿತೋ ತಿಳಿಯಲಿಲ್ಲ. ಮನೆಗೆ ಮರಳಿದರೆ ಹೆಂಡತಿ, "ಹಿತ್ತಲದಾಗ ನೀರ ಇಟ್ಟೇನಿ, ಜಳಕಾ ಮಾಡಿ ಒಳಗ ಬರ್ರಿ" ಅನ್ನುತ್ತಿದ್ದಳು.

"ಹಿಡಿಯಾಂವ ದಸ್ತಗೀರ. ನಾ ಬರೇ ತಿರುವಾಂವ."

"ನೀವು ತಿರುವಿದ್ದಕ್ಕ ಅದು ದಂಡಿಗೆ ಬಂದದ್ದು. ಜಳಕಾ ಮಾಡ್ರಿ."

ಚಹಾ ಬಂತು ನೋಡಿ. ಕಪ್ಪು ಮುಟ್ಟದೆ ಕೇಳಿದೆ: "ಭಾಬಿ, ಇದು ಎಡಕ್ಕ ಹೆಂಗ ಬಂತ್ರಿ?"

ಭಾಬಿ ರೀಲನ್ನು ತೆಗೆದುಕೊಂಡು ಬಲಮಗ್ಗುಲಿನ ಬಿರಡೆಯನ್ನು ಎರಡು ಸುತ್ತು ತಿರುವಿದರು. ಹ್ಯಾಂಡಲ್ ಕಳಚಿ ಅವರ ಅಂಗೈಗೆ ಬಂತು. "ಹಿಂಗ್ರಿ. ಯಾವ ಮಗ್ಗಲಕ್ಕ ಬೇಕಾದ್ರೂ ಹಾಕಬಹುದು. ನೀವು ತಂದುಕೊಟ್ಟ ಮುಂದಿನ ವಾರನ ಅವರಿಗೆ ತಿಳೀತು. ಬಲಬಗಲಾಗ ಕೋಲು ಒತ್ತಿ ಹಿಡದು, ಎಡಗೈಲೆ ತಿರುವತಿದ್ರು. ಆರು ದಿನದಾಗ ಯಾವಾಗ ಬಿಡುವ ಸಿಕ್ರೂ ಒಬ್ಬರ ಹೋಗಿ ಬರತಿದ್ರು. ರವಿವಾರ ಮುಂಜಾನೆ ನಾ ಬಿಚ್ಚಿ ಬಲಕ್ಕ ಹಾಕಿ ಕೊಡಬೇಕು. ಸೋಮವಾರ ಮತ್ತ ಎಡಕ್ಕ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ನಾನೂ ಕೇಳಿದ್ದೆ. ತಿರುವೂದು ಇಲ್ಲಂದ್ರ ಮಾಸ್ತರಗ ಇಲ್ಲಿ ಏನ ಕೆಲಸ, ಯಾಕ ಬಂದಾನು, ಅಂದ್ರು."

ಚಹಾ ಆರಿತು. ಒಂಬತ್ತು ವರ್ಷ ಯಾರಿಗೆ ಯಾರು ಕೈಯಾಗಿದ್ದರೋ ನನಗಿನ್ನೂ ಬಗೆಹರಿದಿಲ್ಲ.

ಆ ರವಿವಾರ ಭಾಬಿಯಿಂದ ಕೋಲನ್ನೂ ಕೇಳಿ ಪಡೆದು ಹಿನ್ನೀರಿನ ದಂಡೆಗೆ ಹೋದೆ. ಹ್ಯಾಂಡಲನ್ನು ಬಲಕ್ಕೆ ಹಾಕಿದೆ, ಬಿಚ್ಚಿ ಎಡಕ್ಕೆ ಹಾಕಿದೆ, ಮತ್ತೆ ಬಲಕ್ಕೆ ಹಾಕಿದೆ. ನನ್ನವು ಎರಡೂ ಕೈ ನೆಟ್ಟಗಿವೆ. ಆದರೆ ಕೋಲು ಹಿಡಿಯುವುದು ಹೇಗೆಂದು ಗೊತ್ತಾಗಲಿಲ್ಲ. ಅದನ್ನು ಯಾವಾಗಲೂ ಅವನೇ ಹಿಡಿಯುತ್ತಿದ್ದ.