ಸುರಪುರದ ಗುಡ್ಡಕ್ಕೆ ಮಾವ ತಂದ ಚೀಲ

ನನ್ನ ಸೋದರಮಾವ ಸಂಗಪ್ಪನಿಗೆ ಯಾದಗಿರಿಯಲ್ಲಿ ಕಿರಾಣಿ ಅಂಗಡಿ ಇದೆ. ಓಣಿಯ ತುದಿಗೆ ಹೋಗಬೇಕಾದರೂ ಸ್ಕೂಟರ್ ತೆಗೆಯುವ ಮನುಷ್ಯ. ಅಂಥವನು, "ಸರೋಜಾ, ಸುರಪುರದ ಗುಡ್ಡ ಹತ್ತಿ ಆ ಕಡಿ ದೇವಾಪುರದ ರಸ್ತೆಗಿ ಇಳಿಯೋಣು, ಬರ್ತಿ?" ಎಂದಾಗಲೇ ನನಗೆ ವಿಚಿತ್ರ ಅನ್ನಿಸಿತು. ಆದರೂ ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಬೇಸತ್ತಿದ್ದೆ. ಹೊರಟೆ.

ಬೆಳಗಿನ ಬಸ್ಸು. ಆಧಾರ್ ತೋರಿಸಿದ್ದಕ್ಕೆ ನನಗೆ ಪುಕ್ಕಟೆ ಟಿಕೆಟ್, ಮಾವನಿಗೆ ದುಡ್ಡಿನದು. ಅವನ ಬಳಿ ಒಂದು ದೊಡ್ಡ ಚೀಲವಿತ್ತು. ಭೀಮಾ ಸೇತುವೆ ದಾಟುವಾಗ, "ಚೀಲ ಮ್ಯಾಲ ಇಡು" ಎಂದೆ. "ಇರ್ಲಿ ಬಿಡು" ಎಂದು ತೊಡೆಯ ಮೇಲೇ ಅಪ್ಪಿಕೊಂಡ. ಶಹಾಪುರದಲ್ಲಿ ಇಳಿದು ಮಂಡಕ್ಕಿಯ ಸುಸಲಾ, ಮಿರ್ಚಿ ತಿಂದೆವು. ಕೈ ತೊಳೆಯುವಾಗಲೂ ಚೀಲ ಅವನ ಹೆಗಲಲ್ಲೇ ಇತ್ತು. ಮುಂದಿನ ಬಸ್ಸಿನಲ್ಲಿ ಕಾಲುವೆ, ಗದ್ದೆ, ಹತ್ತಿ ಬಿಡಿಸುವ ಹೆಂಗಸರನ್ನು ತೋರಿಸಿದರೆ "ಹ್ಞೂಂ" ಅನ್ನುತ್ತಿದ್ದ, ತಿರುಗಿ ನೋಡುತ್ತಿರಲಿಲ್ಲ.

ಸುರಪುರದಲ್ಲಿ ಇಳಿದು ಗುಡ್ಡ ಹತ್ತತೊಡಗಿದೆವು. ಚಳಿಗಾಲದ ಹಿತವಾದ ಬಿಸಿಲು. ದಾರಿ ಎನ್ನುವುದೇನೂ ಇಲ್ಲ; ಬಂಡೆಯಿಂದ ಬಂಡೆಗೆ ಕೈಯೂರಿ ಏರಬೇಕು. ಸೀತಾಫಲದ ಒಣ ಟೊಂಗೆಗಳು ಸೀರೆಗೆ ಸಿಕ್ಕುತ್ತಿದ್ದವು. ಸ್ವಲ್ಪ ಮೇಲೆ ಕುರಿ ಮೇಯಿಸುತ್ತಿದ್ದ ಗಂಡ ಹೆಂಡತಿ ನಮ್ಮನ್ನೇ ನೋಡುತ್ತಿದ್ದರು. ನಾವು ಎಡಕ್ಕೆ ಹೊರಳಿದರೆ ಅವರೂ ಎಡಕ್ಕೆ. ನಾನು ಕೊರಳಿನ ಸರವನ್ನು ಸೆರಗಿನೊಳಗೆ ತಳ್ಳಿಕೊಂಡೆ. ಮಾವ ಮಾತ್ರ ಮೊಬೈಲಿನಲ್ಲಿ ಯಾವುದೋ ಫೋಟೋ ನೋಡುತ್ತ, ಜೋಡಿ ಬಂಡೆಗಳ ಸಂದಿಯತ್ತ ಅವಸರದಿಂದ ಏರುತ್ತಿದ್ದ.

ಆ ಸಂದಿಯ ಬಾಯಲ್ಲಿ ಗಂಡ ಹೆಂಡತಿ ಅಡ್ಡ ನಿಂತರು.

"ಎಲ್ಲಿಗಿ ಹೊಂಟೀರಿ?" ಹೆಂಗಸು ಕೇಳಿದಳು.

"ಗುಡ್ಡ ನೋಡಾಕ ಬಂದೇವ್ರಿ" ಎಂದೆ.

"ನೋಡಾಕ ಬಂದವರಿಗಿ ಇಷ್ಟು ದೊಡ್ಡ ಚೀಲ ಯಾಕ್ರಿ? ಹೋದ ಅಮಾಸಿಗಿ ಯಾರೋ ನಿಧಿ ಅಂತ ಇಲ್ಲಿ ತೆಗ್ಗ ತೋಡಿ ಹೋಗ್ಯಾರ. ನಮ್ಮ ಗಬ್ಬದ ಕುರಿ ಅದ್ರಾಗ ಬಿದ್ದು ಸತ್ತದ."

"ನಮ್ಮ ಮಾವ ಅಂಥಾವ ಅಲ್ರಿ!" ಎಂದೆ, ಸಿಟ್ಟಿನಿಂದ. "ತಗದು ತೋರ್ಸು ಮಾವಾ." ಅವನು ಚೀಲವನ್ನು ಬೆನ್ನ ಹಿಂದೆ ಸರಿಸಿದ. ನಾನೇ ಕಸಿದುಕೊಂಡು ಜಿಪ್ ಎಳೆದೆ.

ಗಿಡ್ಡ ಹಿಡಿಯ ಸಲಿಕೆ, ಒಂದು ಉಳಿ, ನಿಂಬೆಹಣ್ಣು, ಕುಂಕುಮದ ಪೊಟ್ಟಣ. ಎಲ್ಲಕ್ಕೂ ಕೆಳಗೆ ಮಡಿಕೆ ಬಿಚ್ಚದ ಹೊಸ ಕೆಂಪು ಸೀರೆ.

"ಈ ಸೀರಿ ಯಾರಿಗಿ?" ಆ ಹೆಂಗಸು ಮೆಲ್ಲಗೆ ಕೇಳಿದಳು. ಮಾವ ಸೀರೆಯನ್ನು ಮತ್ತೆ ಚೀಲದೊಳಗೆ ತುರುಕಹೋದ. ಆಕೆ ನನ್ನ ರಟ್ಟೆ ಹಿಡಿದು ತನ್ನ ಕಡೆಗೆ ಎಳೆದುಕೊಂಡಳು. ನಿಧಿಗಾಗಿ ಹೆಂಗಸರನ್ನು ಬಲಿ ಕೊಟ್ಟ ಸುದ್ದಿಗಳು ಆಗಲೇ ನನಗೆ ನೆನಪಾದದ್ದು.

"ಹೆಣ್ಮಗಳು ಜೋಡಿ ಇದ್ರ ಯಾರೂ ಸಂಶಯ ಪಡಂಗಿಲ್ಲ ಅಂತ ನಿಧಿಗಿ ಪೂಜಿ ಮಾಡಾವ ಒಬ್ಬ ಹೇಳಿದ್ದ. ಅಷ್ಟ ಖರೆ" ಎಂದ ಮಾವ.

"ಸೀರಿ?" ನಾನು ಕೇಳಿದೆ.

"ಅದೂ ತರಬೇಕಂತ ಹೇಳಿದ್ದ."

ಕುರಿ ಕಾಯುವವನು ಸಲಿಕೆ, ಉಳಿ ಎತ್ತಿಕೊಂಡ. ಹಳೆಯ ಗುಂಡಿಯನ್ನು ಮಾವನ ಕೈಯಿಂದಲೇ ಕಲ್ಲು ಹಾಕಿಸಿ ಮುಚ್ಚಿಸಿದ. "ಮತ್ತ ಇಲ್ಲಿ ಕಂಡ್ರ ಪೊಲೀಸರಿಗಿ ಕೊಡ್ತೇನಿ" ಎಂದ. ಅಷ್ಟು ಹೊತ್ತೂ ಆ ಹೆಂಗಸು ನನ್ನ ಪಕ್ಕ ಬಿಟ್ಟು ಕದಲಲಿಲ್ಲ. ತನ್ನ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ ಬಿಚ್ಚಿ ಕೊಟ್ಟಳು. ನಾನು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡೆ. ಆಚೆ ಬದಿಯ ಇಳಿಜಾರಿನಲ್ಲಿ ಆಕೆಯ ಕೈ ಹಿಡಿದೇ ದೇವಾಪುರದ ರಸ್ತೆಗೆ ಇಳಿದೆ. ಮಾವ ಹಿಂದೆ ಎಲ್ಲೋ ಬರುತ್ತಿದ್ದ. ಬಸ್ಸು ಬರುವ ತನಕ ಆಕೆ ಕುರಿಗಳನ್ನು ಗಂಡನಿಗೆ ಬಿಟ್ಟು ನನ್ನ ಜೊತೆ ನಿಂತಳು.

ಬಸ್ಸಿನಲ್ಲಿ ಹೆಂಗಸರ ನಡುವೆ ಜಾಗ ಹುಡುಕಿ ಕೂತೆ. ಕಿಟಕಿಯಲ್ಲಿ ಗುಡ್ಡ ಹಿಂದೆ ಸರಿಯುತ್ತಿತ್ತು. ಶಹಾಪುರದಲ್ಲಿ ಇಳಿದಾಗ ಮಾವ ಹತ್ತಿರ ಬಂದು ದನಿ ತಗ್ಗಿಸಿ, "ನಿನಗ ನಾ ಏನೂ ಮಾಡ್ತಿದ್ದಿಲ್ಲ, ಸರೋಜಾ" ಎಂದ.

ನನಗೆ ಏನು ಮಾಡುತ್ತಿದ್ದಿ ಎಂದು ನಾನು ಅವನನ್ನು ಕೇಳಿರಲೇ ಇಲ್ಲ.