ಸದ್ದಿಲ್ಲದ ಕೀಬೋರ್ಡ್ ಬೇಕಾಗಿದೆ

ಐವತ್ತಾರು ತುಂಬಿದ ಮೇಲೂ ನಾನು ಕಂಪ್ಯೂಟರಿನಲ್ಲಿ ಆಟ ಆಡುತ್ತೇನೆ. ಇದು ನಿಮಗೊಬ್ಬರಿಗೇ ಹೇಳುತ್ತಿರುವ ಮಾತು, ಮನಸ್ಸಿನಲ್ಲಿರಲಿ. ಬಂದೂಕು ಹಿಡಿದವನೊಬ್ಬ ಪಾಳುಬಿದ್ದ ಊರಿನಲ್ಲಿ ಓಡಾಡುವ ಆಟ ಅದು. ಅವನನ್ನು ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಓಡಿಸಲು ಎಡಗೈ ಕೆಳಗೆ ನಾಲ್ಕು ಕೀಲಿ, ಗುರಿ ಇಡಲು ಬಲಗೈಯಲ್ಲಿ ಮೌಸು. ನನ್ನ ಕೈಯಲ್ಲಿ ಅವನು ಅರ್ಧ ನಿಮಿಷದ ಮೇಲೆ ಬದುಕಿದ್ದೇ ಇಲ್ಲ. ಕುಣಿಗಲ್ಲಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಭಾಮೈದ ನಂಜೇಶ, "ಬೆರಳಿಗೆ ಒಳ್ಳೆ ಎಕ್ಸರ್‌ಸೈಜು ಭಾವ" ಎಂದು ಈ ಚಟ ಅಂಟಿಸಿ ಹೋದ.

ನನ್ನ ಹೆಂಡತಿ ಗಿರಿಜಾ ನಂಬಿದ್ದು ಬೇರೆ. ದಿನಾ ಸಂಜೆ ನಾನು ಅವಳ ಅಪ್ಪನ ನೋಟ್‌ಬುಕ್ಕನ್ನು ಟೈಪು ಮಾಡುತ್ತಿದ್ದೇನೆ ಎಂದು. ಮಾವನವರು ಕಡಬದಲ್ಲಿ ಮೇಷ್ಟ್ರಾಗಿದ್ದವರು. ರಿಟೈರಾದ ಮೇಲೆ ಕಡಬದ ಕೆರೆಯ ಬಗ್ಗೆ ಇನ್ನೂರು ಪುಟದ ನೋಟ್‌ಬುಕ್ಕು ತುಂಬ ಬರೆದಿಟ್ಟರು. ಯಾವ ತೂಬಿನ ನೀರು ಯಾವ ಗದ್ದೆಗೆ ಹರಿಯುತ್ತಿತ್ತು, ಕೋಡಿ ಬಿದ್ದ ವರ್ಷ ಊರವರು ಏನೇನು ಮಾಡಿದರು, ನೀರುಗಂಟಿಯ ಜೊತೆ ಯಾರು ಜಗಳ ಆಡಿದರು, ಎಲ್ಲ ಅದರಲ್ಲಿದೆ. ಮೇಷ್ಟ್ರ ಅಭ್ಯಾಸ, ಅಷ್ಟನ್ನೂ ಪೆನ್ಸಿಲ್ಲಿನಲ್ಲೇ ಬರೆದಿದ್ದಾರೆ. ಅದು ದಿನದಿನಕ್ಕೆ ಮಾಸುತ್ತಿದೆ. ಶಿವರಾತ್ರಿ ಕಳೆದು ಎಂಟನೇ ದಿನಕ್ಕೆ ಅವರ ಮೊದಲ ವರ್ಷದ ಪುಣ್ಯಸ್ಮರಣೆ. ಅಷ್ಟರೊಳಗೆ ಪುಸ್ತಕ ಮಾಡಿ ಬಂದವರಿಗೆಲ್ಲ ಕೈಗೆ ಕೊಡಬೇಕೆಂದು ಗಿರಿಜಾಳ ಆಸೆ. ಟೈಪು ಮಾಡಿಕೊಡುವೆನೆಂದು ಹತ್ತು ಜನರ ಮುಂದೆ ಎದೆ ಉಬ್ಬಿಸಿ ಒಪ್ಪಿಕೊಂಡವನು ನಾನು. ಆಯುಧಪೂಜೆಯ ಹೊತ್ತಿಗೆ ಹನ್ನೊಂದನೇ ಪುಟದಲ್ಲಿದ್ದೆ.

ಆ ಆಯುಧಪೂಜೆಯ ದಿನವೇ ನನ್ನ ಹಳೇ ಕೀಬೋರ್ಡು ಶಿವನ ಪಾದ ಸೇರಿತು. ಸ್ಕೂಟರು, ಕುಡುಗೋಲು, ಮಿಕ್ಸಿ, ಗಿರಿಜಾಳ ಹೊಲಿಗೆ ಯಂತ್ರ ಎಲ್ಲಕ್ಕೂ ವಿಭೂತಿ ಹಚ್ಚುತ್ತಾ ಬಂದವನು ಕೀಬೋರ್ಡಿನ ಮುಂದೆ ನಿಂತೆ. ಅದರಲ್ಲಿ ಅಕ್ಷರಗಳು ಮೂರು ಸಾಲು, ನಾವು ಹಚ್ಚುವ ವಿಭೂತಿಯೂ ಮೂರು ಎಳೆ. ಹೇಳಿ ಮಾಡಿಸಿದ ಹಾಗಿತ್ತು. ಗಟ್ಟಿಯನ್ನು ನೀರಿನಲ್ಲಿ ಚೆನ್ನಾಗಿ ತೇದು ಸಾಲಿಗೊಂದು ಎಳೆ ಎಳೆದೆ. "ರೀ, ಪಕ್ಕಕ್ಕೆ ಹಚ್ಚಿ, ಒಳಗೆ ಇಳಿಯುತ್ತೆ" ಎಂದು ಗಿರಿಜಾ ಹೇಳಿದ್ದಳು. ಹೆಂಡತಿ ಹೇಳಿದ್ದನ್ನು ಕೇಳಿದರೆ ಲಲಿತ ಪ್ರಬಂಧ ಬರೆಯುವ ಪ್ರಸಂಗವೇ ಬರುವುದಿಲ್ಲ. ಮಾರನೇ ದಿನಕ್ಕೆ ವಿಭೂತಿ ಒಣಗಿ ಕೀಲಿಗಳ ಸಂದಿಯಲ್ಲಿ ಸಿಮೆಂಟಾಗಿತ್ತು. ಒಂದು ಅಕ್ಷರ ಒತ್ತಿದರೆ ಪಕ್ಕದ ಎರಡು ಜೊತೆಗೆ ಇಳಿಯುತ್ತಿದ್ದವು.

ಹೊಸದು ತರೋಣ, ಅದಕ್ಕೇನು ಎಂದುಕೊಂಡೆ. ಮಗಳಿಗೆ ಗಂಡು ಹುಡುಕುವುದು ಇದಕ್ಕಿಂತ ಸುಲಭವೆಂದು ಆಗ ನನಗೆ ಗೊತ್ತಿರಲಿಲ್ಲ.

ನಂಜೇಶನಿಗೆ ಫೋನು ಮಾಡಿದೆ. "ಟೈಪಿಂಗೂ ಆಗ್ಬೇಕು, ಗೇಮೂ ಆಗ್ಬೇಕು ಅಂದ್ರೆ ಮೆಕ್ಯಾನಿಕಲ್ಲೇ ತಗಳಿ ಭಾವ, ಕೀಗೊಂದು ಸ್ವಿಚ್ಚು ಇರುತ್ತೆ. ನಿಮ್ಮ ಟೇಬಲ್ಲು ಚಿಕ್ಕದು, ಕಾಂಪ್ಯಾಕ್ಟ್ ಇರ್ಲಿ" ಎಂದ. ಅವನ ಮಾತು ಸರಿ. ಮದುವೆಯಲ್ಲಿ ಬಂದ ಆ ಪುಟ್ಟ ಮೇಜಿನ ಮೇಲೆ ಎಡಕ್ಕೆ ಮಾವನವರ ನೋಟ್‌ಬುಕ್ಕು, ನಡುವೆ ಕೀಬೋರ್ಡು ಇಟ್ಟರೆ ಮೌಸಿಗೆ ಅಂಗೈಯಗಲದ ಜಾಗ ಉಳಿಯುತ್ತಿತ್ತು. ಶತ್ರು ಬಲಗಡೆಯಿಂದ ಬಂದಾಗಲೆಲ್ಲ ನನ್ನ ಮೌಸು ಮೇಜಿನಿಂದ ಕೆಳಗೆ ಬೀಳುತ್ತಿತ್ತು.

ಕಂಪ್ಯೂಟರ್ ಅಂಗಡಿಗೆ ಹೋದರೆ ಕಾಂಪ್ಯಾಕ್ಟಿನಲ್ಲೂ ಶೇಕಡಾ ಲೆಕ್ಕ, ಪೂರ್ತಿ ಕೀಬೋರ್ಡಿನಲ್ಲಿ ಎಷ್ಟು ಪಾಲು ಉಳಿಸಿದ್ದಾರೆ ಎಂದು. ಅರವತ್ತು, ಅರವತ್ತೈದು, ಎಪ್ಪತ್ತೈದು. ಜನ್ಮವಿಡೀ ಮೂವತ್ತೈದು ಬಂದರೆ ಸಾಕೆಂದು ಬದುಕಿದವನನ್ನು ಈ ವಯಸ್ಸಿನಲ್ಲಿ ಫಸ್ಟ್ ಕ್ಲಾಸಿಗೆ ಎಳೆಯುತ್ತಾರೆ. ಅರವತ್ತರದ್ದರಲ್ಲಿ ಅಂಕಿಗಳ ಗುಂಪು ಹೋಗಲಿ, ಬಾಣದ ಕೀಲಿಗಳೂ ಇಲ್ಲ. ಅವು ಬೇಕಾದರೆ ಒಂದನ್ನು ಒತ್ತಿ ಹಿಡಿದು ಇನ್ನೊಂದನ್ನು ಒತ್ತಬೇಕಂತೆ. ಇರುವುದನ್ನು ಕಿತ್ತುಹಾಕಿದ್ದಕ್ಕೆ ಹೆಚ್ಚು ಬೆಲೆ ಬೇರೆ. ಜೊತೆಗೆ ಕೀಲಿಗಳ ಕೆಳಗೆಲ್ಲ ಬಣ್ಣದ ದೀಪ, ಗಣಪತಿ ಪೆಂಡಾಲಿನ ಹಾಗೆ. ದೀಪ ಇಲ್ಲದ್ದು ಕೊಡಪ್ಪ ಎಂದರೆ ಅಂಗಡಿಯವನು, "ಇದನ್ನೇ ತಗಂಡು ಆಫ್ ಮಾಡ್ಕಳಿ ಸಾರ್" ಎಂದ.

ಇಷ್ಟಾದ ಮೇಲೆ ಕೀಲಿಗಳ ಕೆಳಗಿನ ಸ್ವಿಚ್ಚು, ಅದಕ್ಕೂ ಬಣ್ಣದ ಲೆಕ್ಕ. ನೀಲಿ ಎಂದರೆ ಟಕಟಕ ಸದ್ದು, ಕೆಂಪು ಎಂದರೆ ನುಣ್ಣಗೆ, ಕಂದು ಎಂದರೆ ಅತ್ತ ಅಲ್ಲ ಇತ್ತ ಅಲ್ಲ. ನನ್ನ ಸಂಕಟ ಶುರುವಾದದ್ದೇ ಇಲ್ಲಿ. ನಾನು ಟೈಪಿಂಗ್ ಕಲಿತದ್ದು ಗುಬ್ಬಿಯ ಒಂದು ಇನ್‌ಸ್ಟಿಟ್ಯೂಟಿನಲ್ಲಿ. ಉದ್ದನೆಯ ಕೋಣೆ, ಎರಡು ಸಾಲು ಮಿಷನ್ನು, ಗಂಟೆಗೊಂದು ಬ್ಯಾಚು. ಪ್ರಿನ್ಸಿಪಾಲರು ಬಾಗಿಲ ಬಳಿ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಕೂತಲ್ಲಿಂದಲೇ, "ನಾಕನೇ ಮಿಷನ್ನು, ಕಿರುಬೆರಳು ಮೈಗಳ್ಳ ಆಗೈತೆ" ಎನ್ನುತ್ತಿದ್ದರು. ನಾಲ್ಕನೆಯದು ಯಾವಾಗಲೂ ನನ್ನದೇ. ಐದನೇ ಮಿಷನ್ನಿನ ಹುಡುಗಿ ಬಾಯಿಗೆ ದಾವಣಿಯ ಸೆರಗು ಹಿಡಿದು ನಗುತ್ತಿದ್ದಳು. ಜೂನಿಯರ್ ಪರೀಕ್ಷೆಯನ್ನು ನಾನು ಎರಡು ಸಲ ಬರೆದೆ. ಅಷ್ಟರಲ್ಲಿ ಅವಳು ಸೀನಿಯರ್ ಮುಗಿಸಿದ್ದಳು. ಆಮೇಲೆ ನನ್ನನ್ನು ಮದುವೆಯೂ ಆದಳು. ಅವಳೇ ಗಿರಿಜಾ.

ಹಾಗೆ ಕಲಿತ ಬೆರಳುಗಳಿಗೆ ಸದ್ದಿಲ್ಲದೆ ಅಕ್ಷರ ಮೂಡಿತೆಂಬ ನಂಬಿಕೆ ಬರುವುದಿಲ್ಲ. ಟೈಪಿಂಗಿಗೆ ಸದ್ದು ಬೇಕು. ಆಟಕ್ಕೆ ಮಾತ್ರ ಸದ್ದು ಇರಕೂಡದು, ಅಡುಗೆಮನೆಗೆ ಕೇಳಿಸುತ್ತದೆ. ಸದ್ದು ಮಾಡುವ, ಸದ್ದು ಮಾಡದ ಒಂದೇ ಕೀಬೋರ್ಡು ಬೇಕೆಂದು ಅಂಗಡಿಯವನಿಗೆ ಹೇಗೆ ಹೇಳುವುದು? ಒಂದೊಂದನ್ನೇ ಎತ್ತಿ, ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೆ ಹಿಡಿದೆ.

"ಸಾರ್, ಅದು ತೆಂಗಿನಕಾಯಲ್ಲ" ಎಂದ ಅವನು.

ನಿಜ. ಆದರೆ ನಮ್ಮ ಕಡೆಯವರು ಬೇರೆ ಹೇಗೆ ಆರಿಸುತ್ತಾರೆ?

ದೀಪಾವಳಿ ಕಳೆಯಿತು, ಕಾರ್ತಿಕ ಕಳೆಯಿತು. ಮೂರು ಸಲ ಹೋಗಿ ಬರಿಗೈಯಲ್ಲಿ ಬಂದೆ. ಗಿರಿಜಾ ಕೇಳಿದಾಗಲೆಲ್ಲ, "ಅಪ್ಪಾವ್ರ ಕೆಲಸ ಕಣೇ, ಯಾವುದೋ ಒಂದರಲ್ಲಿ ಮಾಡಕ್ಕಾಗುತ್ತಾ" ಎನ್ನುತ್ತಿದ್ದೆ. ಒಂದು ದಿನ ಅವಳು ನೋಟ್‌ಬುಕ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು, "ಈ ಪುಟ ಓದಕ್ಕೇ ಆಗ್ತಿಲ್ಲ ಕಣ್ರೀ. ಹೋದ ವರ್ಷ ಚೆನ್ನಾಗಿ ಕಾಣ್ತಿತ್ತು" ಎಂದಳು. ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು. ನಾಲ್ಕನೇ ಸಲ ಅಂಗಡಿಗೆ ಹೊರಟಾಗ ಅವಳೂ ಚಪ್ಪಲಿ ಮೆಟ್ಟಿದಳು.

ಅಲ್ಲಿ ಅವಳು ದೀಪ ನೋಡಲಿಲ್ಲ, ಶೇಕಡಾ ಕೇಳಲಿಲ್ಲ. ತರಕಾರಿ ಚೀಲ ನನ್ನ ಕೈಗೆ ಕೊಟ್ಟು ಕೌಂಟರಿನ ಮುಂದೆ ಕೂತು, ಕಣ್ಣು ಮುಚ್ಚಿ ಸಾಲಾಗಿ ಇಟ್ಟಿದ್ದ ಕೀಬೋರ್ಡುಗಳ ಮೇಲೆ ಬೆರಳು ಓಡಿಸಿದಳು. ಮೂವತ್ತು ವರ್ಷ ಸಾರು, ಮುದ್ದೆ, ಹೊಲಿಗೆ ಮಾಡಿದ ಬೆರಳುಗಳು ಒಂದು ಕಡೆಯೂ ತಡವರಿಸಲಿಲ್ಲ. ಕಿರುಬೆರಳು ಸಹ. ಕೊನೆಗೆ ಎಪ್ಪತ್ತೈದರ ಒಂದನ್ನು ಮುಂದಕ್ಕೆ ತಳ್ಳಿ, "ಇದು ಕೊಡಿ" ಎಂದಳು. ಬಾಣದ ಕೀಲಿ ಇತ್ತು, ಮೇಜಿಗೂ ಹಿಡಿಸುವಂತಿತ್ತು. ಸ್ವಿಚ್ಚು ಮಾತ್ರ ನೀಲಿ. ಅಂಗಡಿಗೇ ಹೆಚ್ಚು ಸದ್ದಿನದು.

"ಅಷ್ಟು ಸದ್ದು ಯಾಕೆ? ಕೆಂಪು ನೋಡು, ನಿನಗೂ ತೊಂದರೆ ಇರಲ್ಲ" ಎಂದೆ.

ಅವಳು ದುಡ್ಡು ಎಣಿಸಿ ಕೊಟ್ಟಳು. ಮನೆಗೆ ಬರುವಾಗ ಸ್ಕೂಟರಿನ ಹಿಂದಿನಿಂದ ಹೇಳಿದಳು. "ಹಳೇದ್ರಲ್ಲೂ ನಂಗೆ ಕೇಳ್ತಿತ್ತು ರೀ. ಟೈಪ್ ಮಾಡಿದ್ರೆ ಎರಡು ಕೈದೂ ಸದ್ದು ಬರುತ್ತೆ. ನಿಮ್ದು ಎಡಗೈ ಒಂದೇ. ಅದೂ ನಾಕೇ ಕೀ. ಮೊದಲ್ನೇ ವಾರಾನೇ ನಂಜೇಶನ್ನ ಕೇಳಿ ತಿಳ್ಕಂಡೆ."

ನಾನು ಸಿಗ್ನಲ್ಲನ್ನೇ ನೋಡುತ್ತಾ ನಿಂತೆ. ಗುಬ್ಬಿಯ ಪ್ರಿನ್ಸಿಪಾಲರು ನನ್ನ ಬೆನ್ನ ಹಿಂದೆಯೇ ಇಷ್ಟು ವರ್ಷ ಸಂಸಾರ ಮಾಡಿದ್ದಾರೆಂದು ನನಗೆ ಹೊಳೆದಿರಲಿಲ್ಲ. ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

"ನೀವಾಗೇ ಶುರು ಮಾಡ್ತೀರ ಅಂತ ಕಾಯ್ತಿದ್ದೆ. ಇನ್ನು ಕಾಯಕ್ಕೆ ಟೈಮಿಲ್ಲ. ನಾಳೆಯಿಂದ ನಾನೇ ಮಾಡ್ತೀನಿ, ಅಡುಗೆ ನೀವು ನೋಡ್ಕಳಿ."

ಕಂಪ್ಯೂಟರಿನ ಕನ್ನಡ ಅವಳಿಗೆ ಹೊಸದು. ನಾಲ್ಕು ದಿನ ತಡಕಾಡಿದಳು. ಐದನೇ ದಿನದಿಂದ ಅಡುಗೆಮನೆಯಲ್ಲಿ ನಿಂತ ನನಗೆ ಹತ್ತು ಬೆರಳಿನ ಸದ್ದು ಕೇಳತೊಡಗಿತು. ಮುದ್ದೆ ಗಂಟಾಗುವುದು ಹೇಗೆಂದು ನಾನು ಕಲಿಯುತ್ತಿದ್ದ ಹೊತ್ತಿಗೆ ಅವಳು ಅಪ್ಪನ ಜೊತೆ ಕೆರೆ ಏರಿಯ ಮೇಲೆ ನಡೆಯುತ್ತಿದ್ದಳು. ಮಾಸಿದ ಪುಟ ಬಂದಾಗ ಸದ್ದು ನಿಲ್ಲುತ್ತಿತ್ತು. ಅಪ್ಪ ಏನು ಬರೆದಿರಬಹುದೆಂದು ಅವಳಿಗೆ ನೆನಪಾಗುವವರೆಗೆ ನಾನೂ ಸೌಟು ಹಿಡಿದು ನಿಂತಿರುತ್ತಿದ್ದೆ. ಮತ್ತೆ ಸದ್ದು ಬಂದರೆ ಜೀವ ಬಂದಂತಾಗುತ್ತಿತ್ತು. ಸದ್ದಿನ ಕೀಬೋರ್ಡನ್ನು ಅವಳು ನನ್ನ ಕಿವಿಗೂ ಸೇರಿಸಿಯೇ ಆರಿಸಿದ್ದಳು.

ಶಿವರಾತ್ರಿಗೆ ಇಪ್ಪತ್ತು ದಿನ ಇರುವಾಗ ಕೊನೆಯ ಪುಟ ಮುಗಿಯಿತು. ಟೈಪಾದದ್ದು ಪ್ರೆಸ್ಸಿಗೆ ಹೋಯಿತು, ನೋಟ್‌ಬುಕ್ಕು ದೇವರಮನೆಗೆ. ಮಾರನೇ ಸಂಜೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದೆ, ನಡುಮನೆಯಿಂದ ಮತ್ತೆ ಸದ್ದು ಬಂತು. ಕಿವಿಗೊಟ್ಟೆ. ಎಡಗೈ ಒಂದೇ. ನಾಲ್ಕೇ ಕೀಲಿ.

"ಏನ್ಮಾಡ್ತಿದೀಯೇ?" ಎಂದು ಕೂಗಿದೆ.

"ಟೈಪ್ ಮಾಡ್ತಿದೀನಿ ಕಣ್ರೀ" ಎಂದಳು.

ಒಲೆ ಸಣ್ಣ ಮಾಡಿ ಗಡಿಯಾರ ನೋಡುತ್ತಾ ನಿಂತೆ. ಅರ್ಧ ನಿಮಿಷವಾಯಿತು, ಒಂದಾಯಿತು, ಎರಡಾಯಿತು, ಸದ್ದು ನಿಲ್ಲಲಿಲ್ಲ. ಅವಳ ಕೈಯಲ್ಲಿ ಆ ಬಂದೂಕಿನವನು ಇನ್ನೂ ಸತ್ತಿರಲಿಲ್ಲ.