ಜಿಪ್ಪಕ್ಕ ಮತ್ತು ಮೇಲಿನ ಕೊಳ

ಬೆಳಕು ಹರಿಯುವ ಮುಂಚೆ ಜಿಪ್ಪಕ್ಕ ಒಲೆ ಹೊತ್ತಿಸಿದಳು, ಮೊಟ್ಟೆ ಬೇಯಲಿಟ್ಟಳು, ಅದು ಬೇಯುವಷ್ಟರಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರಿದಳು. ಬೆಣ್ಣೆ ಕಂಡರಾಗದ ಮಗಳಿಗೆ ಜಾಮು, ಜಾಮು ಹಲ್ಲಿಗಂಟುತ್ತದೆ ಎನ್ನುವ ಅತ್ತೆಗೆ ಬಾಳೆಹಣ್ಣು, ಎರಡೂ ಇರಲಿ ಎನ್ನುವ ಗಂಡನಿಗೆ ಎರಡೂ. ಚಹಾ ಕಾಯಿಸಿ ಒಂದು ಫ್ಲಾಸ್ಕಿಗೆ ಸಕ್ಕರೆಯದು, ಇನ್ನೊಂದಕ್ಕೆ ಸಕ್ಕರೆ ಇಲ್ಲದ್ದು ತುಂಬಿ, ಇಲ್ಲದ್ದರ ಕೊರಳಿಗೆ ಗುರುತಿಗೊಂದು ದಾರ ಕಟ್ಟಿದಳು. ಅತ್ತೆಯ ಮಾತ್ರೆ, ಅತ್ತೆಯ ಮುಲಾಮು, ಗಂಡನ ಟೋಪಿ, ಗಂಡ ಇಲ್ಲಿ ಬೇಡವೆಂದು ಅಲ್ಲಿ ಬೇಕೆನ್ನುವ ಸ್ವೆಟರು, ಮಗಳ ಚಾರ್ಜರು. ಮೂವರ ಬೂಟಿನ ಲೇಸು ಸಡಿಲಿಸಿ ಬಾಗಿಲ ಬಳಿ ಸಾಲಾಗಿಟ್ಟಳು. ಹಾಸಲಿಕ್ಕೆ ಬೆಡ್‌ಶೀಟು ಇಸ್ತ್ರಿ ಮಾಡಿದಳು. ಗಿಡಕ್ಕೆ ನೀರು, ಬೆಕ್ಕಿಗೆ ಹಾಲು. ಆಮೇಲೆ ಎಲ್ಲರನ್ನೂ ಎಬ್ಬಿಸಿದಳು.

ಗಂಡ ಎದ್ದು ಮೈಮುರಿದು, "ಆಹಾ! ರಜಾ ಅಂದ್ರೆ ಹೀಗಿರಬೇಕು ನೋಡು. ಒಂದು ಗಡಿಬಿಡಿ ಇಲ್ಲ, ಏನಿಲ್ಲ," ಎಂದ.

ಜಿಪ್ಪಕ್ಕ ಎನ್ನುವುದು ಅವಳ ಹೆಸರಲ್ಲ, ಕಸುಬು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಕೀಲಿ ಮಾಡುವವನಿಗೂ ಕನ್ನಡಕದ ಅಂಗಡಿಗೂ ನಡುವೆ ಅವಳದೊಂದು ಅಂಗಡಿ. ಒಬ್ಬ ಗಿರಾಕಿ ಒಳಗೆ ಬಂದರೆ ಇನ್ನೊಬ್ಬ ಹೊರಗೆ ಹೋಗಬೇಕು, ಅಷ್ಟು ವಿಶಾಲ. ಬಾಯಿ ಬಿಟ್ಟ ಜಿಪ್ಪು, ಕಿತ್ತುಹೋದ ಹೆಗಲಪಟ್ಟಿ, ಹರಿದ ಡೇರೆ, ಎಲ್ಲಕ್ಕೂ ಅವಳೇ ವೈದ್ಯೆ. ಊರಿಗೆ ಹತ್ತಿರದಲ್ಲೇ ದೊಡ್ಡದೊಂದು ಕಾಡಿನ ಪಾರ್ಕು ಇರುವುದರಿಂದ ಕೆಲಸಕ್ಕೇನೂ ಬರವಿಲ್ಲ. ಬೇಸಿಗೆಯಲ್ಲಿ ಜನ ಅಲ್ಲಿ ದೋಣಿ ಹತ್ತುತ್ತಾರೆ, ಮಳೆಯಲ್ಲಿ ಗುಡಿಸಲಿನೊಳಗೆ ಕೂತು ಹಕ್ಕಿ ನೋಡುತ್ತಾರೆ, ಚಳಿಯಲ್ಲಿ ಮಂಜಿನೊಳಗೆ ನಡೆಯುತ್ತಾರೆ, ಮಿಕ್ಕ ದಿನ ಸೈಕಲ್ಲು ತುಳಿಯುತ್ತಾರೆ. ಹೆಬ್ಬಾಗಿಲಲ್ಲಿ "ವರ್ಷವಿಡೀ ತೆರೆದಿರುತ್ತದೆ" ಎಂಬ ಫಲಕ. ಅದನ್ನು ಕಂಡಾಗಲೆಲ್ಲ ಜಿಪ್ಪಕ್ಕನಿಗೆ ತನ್ನ ಅಡುಗೆಮನೆ ನೆನಪಾಗುತ್ತದೆ.

ರಿಪೇರಿಗೆ ಬಂದ ಬ್ಯಾಗುಗಳನ್ನು ಕೊಡವಿದರೆ ಒಣಗಿದ ಎಲೆ, ಯಾವುದೋ ಹಕ್ಕಿಯ ಗರಿ, ಚೂರು ಮರಳು ಉದುರುತ್ತವೆ. "ಮೇಲಿನ ಕೊಳದ ಮರಳು ಅದು, ಜಿಪ್ಪಕ್ಕ," ಎನ್ನುತ್ತಾರೆ ಗಿರಾಕಿಗಳು. "ನೀವೂ ನೋಡಿದ್ದೀರಲ್ವಾ?"

"ಪಾರ್ಕಿಗಾ? ಅಯ್ಯೋ, ಲೆಕ್ಕವಿಲ್ಲದಷ್ಟು ಸಲ ಹೋಗಿದೀನಿ," ಎನ್ನುತ್ತಾಳೆ ಅವಳು, ಸೂಜಿಗೆ ದಾರ ಪೋಣಿಸುತ್ತ. ಅದು ಸುಳ್ಳಲ್ಲ. ಆದರೆ ಅವರು ಕೇಳಿದ್ದು ಕೊಳದ ವಿಷಯ.

ಜಿಪ್ಪಕ್ಕ ಕೊಳ ನೋಡಿರಲಿಲ್ಲ. ಮಗಳು ನಡೆಯಲು ಕಲಿತಾಗಿನಿಂದ, ಈಗ ಆ ಮಗಳು ಕಾಲೇಜು ಸೇರುವವರೆಗೆ, ಪ್ರತಿ ಕಾಲದಲ್ಲೂ ಸಂಸಾರ ಪಾರ್ಕಿಗೆ ಹೋಗುತ್ತದೆ. ಹೋದಾಗಲೆಲ್ಲ ಅದೇ ದೊಡ್ಡ ಮರದ ಕೆಳಗೆ, ಪೊದೆಗೆ ಬೆನ್ನು ಕೊಟ್ಟ ಅದೇ ತಗ್ಗು ಮೇಜಿನ ಮೇಲೆ ಬೆಡ್‌ಶೀಟು ಹಾಸಿ, ಗಂಟುಮೂಟೆ ಇಳಿಸುತ್ತದೆ. ಮೂವರು ಕೊಳಕ್ಕೆ ಹತ್ತುತ್ತಾರೆ. ಒಬ್ಬಳು ಗಂಟು ಕಾಯುತ್ತಾಳೆ.

ಯಾಕೆ ಕಾಯಬೇಕು ಎಂದರೆ, ಕಾಗೆ. ಆ ಕಾಗೆ ಅಂಥಿಂಥ ಕಾಗೆಯಲ್ಲ. ಎಡರೆಕ್ಕೆಯಲ್ಲೊಂದು ಬಿಳಿ ಗರಿ, ನಡಿಗೆಯಲ್ಲಿ ತಪಾಸಣೆಗೆ ಬಂದ ಅಧಿಕಾರಿಯ ಗತ್ತು. ಜಿಪ್ಪಕ್ಕ ಅದಕ್ಕೆ ಸಾಹೇಬ್ರು ಎಂದು ಹೆಸರಿಟ್ಟಿದ್ದಳು. ಸಾಹೇಬ್ರಿಗೆ ಜಿಪ್ಪು ತೆಗೆಯಲು ಬರುತ್ತಿತ್ತು. ಇದರಲ್ಲಿ ಅವಳ ಕೈವಾಡವೂ ಇತ್ತೆನ್ನಿ. ಚಳಿಗೆ ಸೆಟೆದ ಬೆರಳಿಗೂ ಸಿಗಲಿ ಎಂದು ತಾನು ಮುಟ್ಟಿದ ಪ್ರತಿ ಜಿಪ್ಪಿನ ಹಿಡಿದೆಳೆಯುವ ರನ್ನರಿಗೂ ಅವಳು ಕೆಂಪು ದಾರದ ಕುಣಿಕೆ ಕಟ್ಟುತ್ತಿದ್ದಳು. ಅದು ಅವಳ ಸಹಿ. ಬೆರಳಿಗೆ ಸಿಕ್ಕಿದ್ದು ಕೊಕ್ಕಿಗೆ ಸಿಗದೇ ಇರುತ್ತದೆಯೇ? ಬೇಲಿ ಹಾಕಿದವಳೇ ಹೊಲಕ್ಕೆ ದಾರಿ ತೋರಿಸಿದ ಹಾಗಾಗಿತ್ತು. ಕುಣಿಕೆ ಕಿತ್ತುಬಿಡೋಣವೆಂದರೆ ಕಸುಬಿನ ಮರ್ಯಾದೆ ಒಪ್ಪುತ್ತಿರಲಿಲ್ಲ.

ಕೊಳದ ಬಣ್ಣದ ಬಗ್ಗೆ ಮನೆಯಲ್ಲಿ ಮುಗಿಯದ ಜಗಳವೊಂದಿತ್ತು. ಹಸಿರು ಎನ್ನುತ್ತಿದ್ದ ಗಂಡ. ನೀಲಿ ಎನ್ನುತ್ತಿದ್ದಳು ಮಗಳು. "ನೀರಿಗೆ ನೀರಿನ ಬಣ್ಣ, ಮತ್ತಿನ್ನೇನು?" ಎನ್ನುತ್ತಿದ್ದರು ಅತ್ತೆ. ಈ ಸಲವೂ ಕಾರಿನಲ್ಲಿ ಅದೇ ಶುರುವಾಯಿತು.

"ಅಮ್ಮ, ನೀನೇ ಹೇಳು, ನೀಲಿ ಅಲ್ವಾ?"

"ನನ್ನನ್ನ ಕೇಳಿದ್ರೆ? ನಾನು ನೋಡಿದ್ರೆ ತಾನೇ ಹೇಳೋಕೆ?"

"ನೀನು ನೋಡೇ ಇಲ್ವಾ?" ಎಂದಳು ಮಗಳು.

"ನೋಡಿರ್ತಾಳೆ ಬಿಡೇ," ಎಂದ ಗಂಡ. "ಇಷ್ಟು ವರ್ಷದಿಂದ ಬರ್ತಿದ್ದೀವಿ, ನೋಡದೇ ಇರ್ತಾಳಾ?"

"ಹಾಗಾದ್ರೆ ಯಾವ ಬಣ್ಣ ಅಂತ ನೀವೇ ಹೇಳಿ. ನಾನು ನೋಡಿದ್ದು ನಿಮಗೇ ಚೆನ್ನಾಗಿ ಗೊತ್ತಲ್ಲ."

ಅತ್ತೆ ಕಿಟಕಿಯ ಕಡೆ ತಿರುಗಿ, "ಓಹೋ, ಬೆಳಿಗ್ಗೆ ಬೆಳಿಗ್ಗೇನೇ ಸೊಸೆಯ ನಾಲಿಗೆಗೆ ಸಾಣೆ ಹಿಡಿದಾಯ್ತು," ಎಂದರು. ಅಲ್ಲಿಗೆ ಮಾತು ಪೆಟ್ರೋಲಿನ ಕಡೆ ಹೊರಳಿತು. ಜಿಪ್ಪಕ್ಕ ಮಾತ್ರ ಒಳಗೇ ಗಂಟು ಹಾಕಿಕೊಂಡಳು: ಈ ಸಲ ನೋಡಲೇಬೇಕು.

ಗಂಟು ಹಾಕಿಕೊಳ್ಳುವುದೇನೋ ಸುಲಭ. ಮರದ ಕೆಳಗೆ ಇಳಿದು, ಬೆಡ್‌ಶೀಟು ಹಾಸಿ, ಎಲ್ಲರ ಬಾಯಿಗೂ ಬ್ರೆಡ್ಡು ಕೊಟ್ಟು, "ಇವತ್ತು ನಾನೂ ಬರ್ತೀನಿ" ಎಂದಾಗ ಗಂಡ ನಿಜಕ್ಕೂ ಸಂತೋಷಪಟ್ಟ.

"ಬಾ ಬಾ! ಬರಬೇಡ ಅಂದೋರು ಯಾರು? ಆದ್ರೆ ಗಂಟು?"

"ನೀವು ಕಾಯಿರಿ."

"ನಾನು ಕಾಯಬಹುದಿತ್ತು, ಆದ್ರೆ ಅಮ್ಮನ ಕೈ ಹಿಡಿಯೋರು ಬೇಕಲ್ಲ."

ಅತ್ತೆ ಆಗಲೇ ಕೋಲೂರಿಕೊಂಡು ಮೊದಲ ತಿರುವಿನಲ್ಲಿದ್ದರು. ಮನೆಯಲ್ಲಿ ಸಿಂಕಿನವರೆಗೆ ತಟ್ಟೆ ಒಯ್ಯಲು ಬಿಡದ ಮಂಡಿ ಅದು. ಕಾಡು ಕಂಡ ಕೂಡಲೇ ಆಡಿನ ಮರಿಯದಾಗುತ್ತಿತ್ತು. ಮಗಳು "ನಾನು ಕೂತ್ಕೋತೀನಿ ಅಮ್ಮ" ಎಂದಳು, ಆದರೆ ಅವಳ ಒಂದು ಕಾಲು ಆಗಲೇ ದಾರಿಯ ಮೇಲಿತ್ತು. "ಹೋಗು, ಹೋಗು," ಎಂದು ತಾಯಿಯ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು. ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಮೂವರೂ ಮರಗಳಾಚೆ ಮರೆಯಾಗಿದ್ದರು.

ಜಿಪ್ಪಕ್ಕ ಮೇಜಿನ ಮೇಲೇ ಕೂತಳು. ಕೋಪಕ್ಕೊಂದು ಕೆಲಸ ಬೇಕಾಗಿತ್ತು. ಗಂಡನ ಸ್ವೆಟರನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಇದನ್ನೇ ಕಾಯುತ್ತಿದ್ದ ಸಾಹೇಬ್ರು ಹಿಂದಿನಿಂದ ಬಂದು, ತಿಂಡಿಯ ಬ್ಯಾಗಿನ ಕೆಂಪು ಕುಣಿಕೆಯನ್ನು ಕೊಕ್ಕಿನಲ್ಲಿ ಹಿಡಿದು, ಸರ್ರನೆ ಜಿಪ್ಪು ಎಳೆದರು. ಮೊಟ್ಟೆಯೊಂದು ಗಾಳಿಗೇರಿತು. ಫ್ಲಾಸ್ಕು ಉರುಳಿ, ಸಕ್ಕರೆ ಚಹಾ ಬೆಡ್‌ಶೀಟಿನ ತುಂಬ ಹರಡಿತು.

"ಥೂ ನಿನ್ನ! ಕದಿಯೋದು ಕದೀತೀಯ, ಬಟ್ಟೆ ಒಗೆಯೋರು ಯಾರು, ನಿಮ್ಮಪ್ಪನಾ?"

ಸಾಹೇಬ್ರು ಮೇಲಿನ ಕೊಂಬೆಯಲ್ಲಿ ಕೂತು ಮೊಟ್ಟೆ ತಿಂದರು. ಜಿಪ್ಪಕ್ಕ ಗೊಣಗುತ್ತ ಬೆಡ್‌ಶೀಟು ಎಳೆದು, ನಲ್ಲಿಯಲ್ಲಿ ಹಿಂಡಿ, ತಗ್ಗು ಕೊಂಬೆಗೆ ಹರವಿ, ಸಾಹೇಬ್ರನ್ನೇ ದುರುಗುಟ್ಟಿ ನೋಡುತ್ತ ಬರಿಯ ಮೇಜಿನ ಮೇಲೆ ಬಂದು ಕೂತಳು. ಆಗ ಕಸದ ಗಾಡಿ ತಳ್ಳಿಕೊಂಡು ಪಾರ್ಕಿನ ಕೆಲಸದ ಹೆಂಗಸೊಬ್ಬಳು ಬಂದಳು.

"ಅಕ್ಕ, ಸ್ವಲ್ಪ ಏಳ್ತೀರಾ? ಪೆಟ್ಟಿಗೆ ಒಳಗೆ ಗುಡಿಸಬೇಕು."

"ಯಾವ ಪೆಟ್ಟಿಗೆ?"

"ನೀವು ಕೂತಿರೋದು."

ಜಿಪ್ಪಕ್ಕ ಎದ್ದು ತಿರುಗಿ ನೋಡಿದಳು. ಅವಳು ಇಷ್ಟು ವರ್ಷ ಮೇಜು ಎಂದುಕೊಂಡಿದ್ದರ ನೆತ್ತಿಯ ಮೇಲೆ, ಮಗುವೂ ಓದುವಷ್ಟು ದಪ್ಪ ಅಕ್ಷರದಲ್ಲಿ ಬರೆದಿತ್ತು: ತಿಂಡಿ ಮತ್ತು ಸಾಮಾನುಗಳನ್ನು ಇದರೊಳಗಿಡಿ, ಚಿಲಕ ಹಾಕಿ, ನಿಶ್ಚಿಂತೆಯಿಂದ ತಿರುಗಾಡಿ ಬನ್ನಿ. ಹೆಂಗಸು ಪೊದೆಯ ಕಡೆಗೆ ಕೈ ಹಾಕಿ ಚಿಲಕ ತೆಗೆದು ಮುಚ್ಚಳ ಎತ್ತಿದಳು. ಒಳಗೆ ಅತ್ತೆಯನ್ನೂ ಸೇರಿಸಿ ಇಡೀ ಸಂಸಾರ ಹಿಡಿಸುವಷ್ಟು ಜಾಗ.

"ಇದು ಯಾವಾಗಿಂದ ಇಲ್ಲಿದೆ?"

"ನಾನು ಕೆಲಸಕ್ಕೆ ಸೇರೋಕೆ ಮುಂಚಿಂದ. ಯಾಕಕ್ಕ?"

"ನಾವು ಬಂದ ಕೂಡ್ಲೇ ಬೆಡ್‌ಶೀಟು ಹಾಸ್ತಿದ್ವಿ," ಎಂದಳು ಜಿಪ್ಪಕ್ಕ. "ಇಸ್ತ್ರಿ ಮಾಡಿ ತರ್ತಿದ್ದೆ ಕಣೇ!"

ಹೆಂಗಸಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಪೊರಕೆ ನೆಲಕ್ಕೂರಿ ನಕ್ಕಳು. ಜಿಪ್ಪಕ್ಕನಿಗೂ ನಗು ತಡೆಯಲಾಗಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳಾದರೂ ಎದ್ದು ಹುಡುಕಿದ್ದಳು. ತಾನು ಅದರ ಮೇಲೇ ಕೂತಿದ್ದಳಲ್ಲ! ನಕ್ಕು ನಕ್ಕು ಕಣ್ಣೊರೆಸಿಕೊಳ್ಳುವಾಗ ಕಣ್ಣೀರು ನಗುವಿಗಿಂತ ಒಂದು ತೊಟ್ಟು ಜಾಸ್ತಿಯೇ ಬಂದಿತ್ತು.

ಗಾಡಿ ಮುಂದಕ್ಕೆ ಹೋಯಿತು. ಜಿಪ್ಪಕ್ಕ ಒಂದೊಂದಾಗಿ ಎಲ್ಲವನ್ನೂ ಪೆಟ್ಟಿಗೆಗಿಟ್ಟಳು. ದಾರ ಕಟ್ಟಿದ ಫ್ಲಾಸ್ಕು ಕೈಗೆ ಬಂದಾಗ ಕೈ ತಡೆಯಿತು. ಇಳಿದು ಬಂದವರಿಗೆ ಚಹಾ ಬಗ್ಗಿಸಿ ಕೊಡುವವರು ಯಾರು? ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸಿ ತೆಗೆದು, ತಿರುಗಿಸಿ ಹಾಕಿ ನೋಡಿದಳು. ಕೈಯಿದ್ದವರೆಲ್ಲ ಮಾಡಬಹುದಾದ ಕೆಲಸ. ಒಳಗಿಟ್ಟು ಚಿಲಕ ಹಾಕಿದಳು. ಸಾಹೇಬ್ರು ಇಳಿದು ಬಂದು ಚಿಲಕವನ್ನು ಕುಟ್ಟಿ, ಅವಳ ಮುಖ ನೋಡಿದರು. "ಅದಕ್ಕೆ ನಾನು ಕುಣಿಕೆ ಕಟ್ಟಿಲ್ಲ, ಸಾಹೇಬ್ರೇ," ಎಂದು ಸಣ್ಣದೊಂದು ಚೀಲ ಹೆಗಲಿಗೇರಿಸಿ ಹೊರಟಳು.

ದಾರಿ ಏರುತ್ತಿತ್ತು. ಅಂಗಡಿಯಲ್ಲಿ ಬಗ್ಗಿ ಬಗ್ಗಿ ಅಭ್ಯಾಸವಾದ ಬೆನ್ನು ಮೊದಮೊದಲು ತಕರಾರು ತೆಗೆಯಿತು, ಆಮೇಲೆ ತೆಪ್ಪಗಾಯಿತು. ಎದುರಿನಿಂದ ಇಳಿದು ಬರುವವರ ಮುಖಕ್ಕಿಂತ ಮೊದಲು ಅವಳು ಹೆಗಲು ನೋಡುತ್ತಿದ್ದಳು. ಅಗೋ ಅಲ್ಲೊಂದು ಕೆಂಪು ಕುಣಿಕೆ. ಇಗೋ ಇಲ್ಲೊಂದು. ಅವಳ ಹೊಲಿಗೆಗಳೆಲ್ಲ ಅವಳಿಗಿಂತ ಮುಂಚೆಯೇ ಕೊಳ ನೋಡಿ ಬರುತ್ತಿದ್ದವು.

"ಏನು ಜಿಪ್ಪಕ್ಕ, ಮತ್ತೆ ಹೊರಟ್ರಾ ಕೊಳಕ್ಕೆ?" ಎಂದರು ಶಾಲೆಯ ಡ್ರಿಲ್ ಮಾಸ್ತರರು.

"ಇಲ್ಲ ಸಾರ್," ಎಂದಳು. "ಇದೇ ಮೊದಲು."

ಮಾಸ್ತರರು ತಮಾಷೆಯೆಂದುಕೊಂಡು ನಗುತ್ತ ಇಳಿದರು.

ಕವಲಿನ ಹತ್ತಿರ ಫೋನು ಬಡಿದುಕೊಂಡಿತು. ಬೇರೆ ಕಡೆಯಿಂದ ಸುತ್ತಿ ಬರುವ ದಾರಿ ಹಿಡಿದ ಮೂವರೂ ಆಗಲೇ ಕೆಳಗೆ ತಲುಪಿದ್ದರು.

"ಎಲ್ಲಿದ್ದೀಯೇ? ಗಂಟು ಎಲ್ಲಿ? ಯಾರೋ ಎಲ್ಲಾ ಹೊಡ್ಕೊಂಡು ಹೋಗಿದ್ದಾರೆ, ಬೆಡ್‌ಶೀಟು ಮಾತ್ರ ಒಗೆದು ಒಣಹಾಕಿದ್ದಾರೆ!"

"ಕಳ್ಳರು ಒಗೆದು ಹೋಗ್ತಾರೇನ್ರೀ? ಎಲ್ಲಾ ಮೇಜಿನೊಳಗಿದೆ."

"ಮೇಜಿನೊಳಗೆ ಅಂದ್ರೆ?"

"ಮೇಲೆ ಬರೆದಿದೆ. ಊರಿನ ನೀರಿನ ಮೀಟರೆಲ್ಲಾ ಓದೋ ಕೆಲಸ ನಿಮ್ಮದು, ಇದನ್ನೂ ಒಂದ್ಸಲ ಓದಿ."

ಆಚೆ ಕಡೆ ಚಿಲಕ ತೆಗೆದ ಸದ್ದು. ಆಮೇಲೆ ಮಗಳ ದೊಡ್ಡ ನಗು, ಅದರ ಹಿಂದೆಯೇ ಅತ್ತೆಯ ದನಿ: "ನನ್ನ ಮುಲಾಮು ಎಲ್ಲಿದೆ ಕೇಳೋ. ಮಂಡಿ ಹಿಡ್ಕೊಂಡುಬಿಟ್ಟಿದೆ. ಬೇಗ ಬರೋಕೆ ಹೇಳು ಅವಳಿಗೆ."

"ಕೇಳಿಸ್ತಲ್ಲ?" ಎಂದ ಗಂಡ. ದನಿಯಲ್ಲಿ ಕೋಪವಿರಲಿಲ್ಲ, ಅಭ್ಯಾಸವಿತ್ತು. "ಬಂದ್ಬಿಡು. ಚಹಾ ಕುಡಿದು ಹೊರಡೋಣ. ಕೊಳ ಎಲ್ಲಿಗೂ ಓಡಿಹೋಗಲ್ಲ, ಮುಂದಿನ ಸಲ ನೋಡಿದ್ರಾಯ್ತು."

"ಮುಲಾಮು ಟೋಪಿಯೊಳಗಿದೆ. ಹಚ್ಚೋಕೆ ನಿಮಗೂ ಕೈಯಿದೆ," ಎಂದು ಫೋನಿಟ್ಟಳು.

ಕವಲಿನಲ್ಲಿ ಯಾರೂ ಇರಲಿಲ್ಲ. ಎಡಕ್ಕೆ ಕೆಳಗಿಳಿಯುವ ದಾರಿ ಹಿಡಿದರೆ ಮರ, ಮೇಜು, ಚಹಾ, ಮುಲಾಮು. ಬಲಕ್ಕೆ ಕಲ್ಲಿನ ಮೆಟ್ಟಿಲು, ಅದರಾಚೆ ಏನೂ ಕಾಣದು. ನೀರಿನ ತಣ್ಣನೆಯ ವಾಸನೆ ಮಾತ್ರ. ಎಡಗಾಲು ಅಭ್ಯಾಸಬಲದಿಂದ ಎಡಕ್ಕೆ ಒಂದು ಹೆಜ್ಜೆ ಇಟ್ಟೂಬಿಟ್ಟಿತು. ಜಿಪ್ಪಕ್ಕ ಅದನ್ನು ಹಿಂದಕ್ಕೆ ಕರೆದುಕೊಂಡಳು.

ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಅದನ್ನು ಚೀಲದೊಳಗೆ ಹಾಕಿ, ಕೆಂಪು ಕುಣಿಕೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಜಿಪ್ಪು ಎಳೆದಳು. ಒಳಗಿನಿಂದ ಫೋನು ಬಡಿದುಕೊಂಡಾಗಲೆಲ್ಲ ಕುಣಿಕೆ ಸಣ್ಣಗೆ ನಡುಗುತ್ತಿತ್ತು. ತೆಗೆಯಲು ಇಲ್ಲಿ ಸಾಹೇಬ್ರೂ ಇರಲಿಲ್ಲ. ಅವಳು ಸೀರೆಯ ನೆರಿಗೆಯನ್ನು ಒಂದಿಷ್ಟು ಮೇಲಕ್ಕೆ ಸಿಕ್ಕಿಸಿಕೊಂಡು ಬಲಗಡೆಯ ಮೊದಲ ಮೆಟ್ಟಿಲು ಹತ್ತಿದಳು.